ಮಗುವಿನ ಗೋದಡಿಗೆ ಗೆರೆ

ನನ್ನ ಎರಡನೆಯ ಮಗು ಮನೆಗೆ ಬಂದ ವರ್ಷ ನಮ್ಮ ಮನೆಯೊಳಗೆ ನೀಲಿ ಬಣ್ಣಕ್ಕೆ ಪ್ರವೇಶ ಇರಲಿಲ್ಲ. ನೀಲಿ ಅಂಚಿನ ಟವೆಲನ್ನು ಪೆಟ್ಟಿಗೆಯ ತಳಕ್ಕೆ ತುರುಕಿದ್ದೆ. ಬಿಳಿ ಬಟ್ಟೆಗೆ ಹಾಕುವ ನೀಲಿಯ ಪೊಟ್ಟಣವನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಿದ್ದೆ. ಮದುವೆಯಲ್ಲಿ ತವರಿನವರು ಕೊಟ್ಟಿದ್ದ ನೀಲಿ ಸೀರೆ ಉಟ್ಟು ಮಗುವನ್ನು ಎತ್ತಿಕೊಂಡರೆ ಆ ಬಣ್ಣ ಮುಖದ ಮೇಲೆ ಬಿದ್ದು ತುಟಿ ನೀಲಿಯಾಗಿ ಕಂಡೀತು ಎಂದು ಅದನ್ನೂ ಮಡಚಿಟ್ಟೆ. ಆಕಾಶವನ್ನು ಮಾತ್ರ ಏನೂ ಮಾಡಲಾಗಲಿಲ್ಲ. ಅದಕ್ಕೂ ಮಳೆಗಾಲದ ಮೋಡ ಕವಿದಾಗ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಕಾರಣ ಇತ್ತು. ನನ್ನ ಮೊದಲನೆಯ ಮಗ ಕಾಪುವಿನ ತವರುಮನೆಯಲ್ಲಿ ಹುಟ್ಟಿದಾಗಲೇ ಅವನ ತುಟಿಯೂ ಉಗುರೂ ನೀಲಿಯಾಗಿದ್ದವು. ಅಮ್ಮ ಚಳಿಗೆ ಎಂದಳು. ಸೂಲಗಿತ್ತಿ ಏನೂ ಹೇಳದೆ ಕೈ ತೊಳೆದುಕೊಂಡಳು. ಮಣಿಪಾಲದ ಆಸ್ಪತ್ರೆಗೆ ಒಯ್ದಾಗ ಹೃದಯದಲ್ಲಿ ತೂತು ಇದೆ ಎಂದರು. ಅದು ಎಪ್ಪತ್ತರ ದಶಕ. ಅಷ್ಟು ಚಿಕ್ಕ ಮಗುವಿಗೆ ಮಾಡುವಂಥದ್ದು ಆಗ ಹೆಚ್ಚೇನೂ ಇರಲಿಲ್ಲವೋ, ಅಥವಾ ನಮ್ಮಂಥವರ ಕೈಗೆ ಸಿಗುವಂತಿರಲಿಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವನು ಆಸ್ಪತ್ರೆಯಲ್ಲೇ ಹೋದ. ಅವನ ಮೂಗು ಹೇಗಿತ್ತು ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ತುಟಿಯ ಬಣ್ಣವನ್ನು ಈಗಲೂ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಎರಡನೆಯದು ಹೆಣ್ಣು. ಅದೇ ಆಸ್ಪತ್ರೆಯಲ್ಲೇ ಹೆತ್ತೆ. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಹೃದಯ ಚೆನ್ನಾಗಿದೆ, ಹೆದರಬೇಡಿ ಎಂದರು. ಅವರ ಮಾತನ್ನು ನಾನು ನಂಬಿದ್ದು ಬಸ್‌ಸ್ಟ್ಯಾಂಡ್ ತಲುಪುವವರೆಗೆ ಮಾತ್ರ. ಅಲ್ಲಿಂದ ಮುಂದೆ ಶುರುವಾಯಿತು. ಮಗು ಮಲಗಿದ್ದಾಗ, ಎದ್ದಾಗ, ಹಾಲು ಕುಡಿದಾಗ, ಕುಡಿಯದಿದ್ದಾಗ ತುಟಿ ನೋಡುವುದು. ಒಳಗಿನ ಬೆಳಕು ಸಾಲದು ಅನ್ನಿಸಿದರೆ ಕಿಟಕಿಗೆ ಒಯ್ಯುವುದು. ಕಿಟಕಿಯಲ್ಲೂ ಅನುಮಾನವಾದರೆ ಅಂಗಳಕ್ಕೆ. ಕೆಲವು ದಿನ ಮಗು ನನ್ನ ತೊಡೆಯ ಮೇಲೆ ಇದ್ದದ್ದಕ್ಕಿಂತ ಅಂಗಳದಲ್ಲಿ ಇದ್ದದ್ದೇ ಹೆಚ್ಚು.

ಬಾಣಂತನ ಮುಗಿಸಿ ಕಾಪುವಿನಿಂದ ಗಂಡನ ಮನೆಗೆ ಬಂದಾಗ ಮಳೆಗಾಲ ಹಿಡಿದಿತ್ತು. ನಮ್ಮ ಮನೆ ಕಾರ್ಕಳದಾಚೆ ಬಜಗೋಳಿಯಲ್ಲಿ, ಕುದುರೆಮುಖಕ್ಕೆ ಹೋಗುವ ರಸ್ತೆಯ ಬದಿಗೆ. ಲಾರಿ ಹೋದರೆ ಹಂಚು ನಡುಗುತ್ತಿತ್ತು. ಗಂಡ ಕಾರ್ಕಳ, ಮಣಿಪಾಲದ ಮೇಲೆ ಉಡುಪಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಬೆಳಕು ಹರಿಯುವ ಮೊದಲು ಹೋದರೆ ಕತ್ತಲಾದ ಮೇಲೆ ಬರುವವರು. ಹಗಲಿಡೀ ಮನೆಯಲ್ಲಿ ಇರುತ್ತಿದ್ದದ್ದು ನಾನು, ಮಗು ಮತ್ತು ನನ್ನ ಅತ್ತೆ. ತುಳುವಿನಲ್ಲಿ ಅತ್ತೆಗೆ ಮಾಮಿ ಎನ್ನುತ್ತೇವೆ. ಅವರನ್ನು ಬೇರೆ ಹೆಸರಿನಿಂದ ಕರೆದು ಬರೆಯಲು ನನಗೆ ಕೈ ಬರುವುದಿಲ್ಲ.

ಮಾಮಿ ಮಾತು ಕಡಿಮೆಯ ಹೆಂಗಸು. ಆದರೆ ಅವರು ಹೊಲಿದ ಗೋದಡಿಗಳು ಆ ಸುತ್ತಿನ ಎಷ್ಟೋ ಮನೆಗಳಲ್ಲಿ ಇದ್ದವು. ಘಟ್ಟದ ಮೇಲಿನವರು ಕೌದಿ ಎನ್ನುವುದೂ ಹೆಚ್ಚುಕಡಿಮೆ ಇದೇ. ಹಳೆಯ ಸೀರೆ, ಮುಂಡುಗಳನ್ನು ಪದರ ಪದರವಾಗಿ ಹಾಸಿ, ಒಂದರ ಪಕ್ಕ ಒಂದು ಉದ್ದುದ್ದ ಹೊಲಿಗೆ ಓಡಿಸಿ ಮಾಡುವ ಹೊದಿಕೆ. ಒಗೆದು ಒಗೆದು ಮೆತ್ತಗಾದ ಬಟ್ಟೆಯೇ ಬೇಕು, ಹೊಸ ಬಟ್ಟೆ ಮಗುವಿನ ಮೈಗೆ ಚುಚ್ಚುತ್ತದೆ. ನಾನು ಮದುವೆಯಾಗಿ ಬಂದಾಗ ಸಂಜೆಯ ಹೊತ್ತು ಅವರ ತೊಡೆಯ ಮೇಲೆ ಸದಾ ಒಂದು ಗೋದಡಿ ಹರಡಿರುತ್ತಿತ್ತು. ಆಮೇಲೆ ಯಾವಾಗಲೋ ಬಿಟ್ಟುಬಿಟ್ಟರು. ಕೇಳಿದರೆ ಕಣ್ಣಿಗೆ ಮಂಜು ಎನ್ನುತ್ತಿದ್ದರು. ವಯಸ್ಸಾದವರು ಹೇಳುವುದೇ ಅದು ಎಂದುಕೊಂಡು ನಾನೂ ಸುಮ್ಮನಿದ್ದೆ.

ಆ ಮಳೆಗೆ ಮಗುವಿಗೆ ನೆಗಡಿಯಾಯಿತು. ಹೊದೆಸಲು ಇದ್ದದ್ದು ಪೇಟೆಯಿಂದ ತಂದ ಉಣ್ಣೆಯ ಶಾಲು. ಅದರ ಎಳೆ ಮೂಗಿಗೆ ಹೋದರೆ ಎಂದು ನನಗೆ ಬೇರೆ ಹೆದರಿಕೆ. ಒಂದು ಬೆಳಿಗ್ಗೆ ಮಾಮಿ ತಾವೇ ಪೆಟ್ಟಿಗೆ ತೆರೆದು ಎರಡು ಬಿಳಿ ಮುಂಡು, ಒಂದು ಹಳೆಯ ತಿಳಿ ಸೀರೆ ತೆಗೆದು ಚಾಪೆಯ ಮೇಲೆ ಹಾಸಿದರು.

"ಮಗುವಿಗೆ ಒಂದು ಗೋದಡಿ ಮಾಡ್ತೇನೆ ಮಗಾ," ಎಂದರು. "ಗೆರೆ ಎಳೆಯಲು ಎಂತಾದರೂ ಬೇಕು. ಮೊದಲಿನ ಹಾಗೆ ಅಂದಾಜಿನಲ್ಲಿ ಹೋಗುವುದಿಲ್ಲ ಈಗ."

ಗೋದಡಿಗೆ ಗೆರೆ ಎಂದರೆ ಚಂದಕ್ಕಲ್ಲ. ಹೊಲಿಗೆ ವಕ್ರವಾದರೆ ಒಗೆದಾಗ ಒಳಪದರ ಗಂಟುಗಟ್ಟುತ್ತದೆ, ಗಂಟು ಮಗುವಿನ ಬೆನ್ನಿಗೆ ಒತ್ತುತ್ತದೆ. ಮೊದಲೆಲ್ಲ ಮಾಮಿ ಬಟ್ಟೆಯ ನೂಲನ್ನೇ ನೋಡಿಕೊಂಡು ನೇರ ಹೋಗುತ್ತಿದ್ದರು. ಈಗ ಎದ್ದು ಕಾಣುವ ಗೆರೆ ಬೇಕಿತ್ತು. ಯಾವುದರಿಂದ ಎಳೆಯುವುದು? ಕೇಳಿದರೆ ಸಣ್ಣ ಪ್ರಶ್ನೆ. ಆದರೆ ಉತ್ತರ ಹೇಳಬೇಕಾದವಳು ನಾನು. ಆಗ ನನ್ನ ತಲೆಯಲ್ಲಿ ಗಾಳಿಯೂ ಮಗುವಿನ ಶತ್ರುವೇ ಆಗಿತ್ತು.

ಮಾಮಿ ಮೊದಲು ತಂದದ್ದು ಮೈಸಾಬೂನಿನ ಚೂರು. ಸವೆದು ತೆಳ್ಳಗಾದ ಸಾಬೂನು ಗೆರೆ ಎಳೆಯಲು ಬಹಳ ಒಳ್ಳೆಯದು, ಒಗೆದರೆ ಹೋಗುತ್ತದೆ. ನನಗೂ ಅದು ಒಪ್ಪಿಗೆಯಾಗಿತ್ತು. ಆದರೆ ಬಿಳಿ ಮುಂಡಿನ ಮೇಲೆ ಬಿಳಿ ಗೆರೆ. ಮಾಮಿ ಬಗ್ಗಿ ನೋಡಿದರು, ಬಟ್ಟೆಯನ್ನು ಓರೆ ಮಾಡಿ ನೋಡಿದರು, "ಎಲ್ಲಿ ಉಂಟು ಗೆರೆ?" ಎಂದರು.

ಆಮೇಲೆ ಪೇಟೆಯ ಟೈಲರ್ ಕೊಟ್ಟ ಚಪ್ಪಟೆ ಸೀಮೆಸುಣ್ಣ, ಬಟ್ಟೆ ಕತ್ತರಿಸುವ ಮೊದಲು ಗುರುತು ಹಾಕುತ್ತಾರಲ್ಲ, ಅದು. ನೀಲಿ, ಕೆಂಪು ಎರಡು ತುಂಡು. ನೀಲಿಯನ್ನು ನಾನು ಅಂಗಳಕ್ಕೆ ಎಸೆದೆ. ಕೆಂಪಿನಲ್ಲಿ ಒಂದು ಗೆರೆ ಎಳೆದು ಬಟ್ಟೆ ಕೊಡವಿದಾಗ ಪುಡಿ ಹಾರಿದ್ದು ನನ್ನ ಕಣ್ಣಿಗೆ ಕಂಡಿತು. ಪುಡಿ ಮೂಗಿಗೆ, ಮೂಗಿನಿಂದ ಎದೆಗೆ. ಬೇಡ ಎಂದೆ.

ಇದ್ದಿಲು? ಕೈಗೆ ಹತ್ತುತ್ತದೆ, ಕೈಯಿಂದ ಮಗುವಿನ ಬಾಯಿಗೆ. ಬೇಡ. ಬಡಗಿಗಳು ನೂಲಿಗೆ ಬಣ್ಣ ಹಚ್ಚಿ, ಎಳೆದು ಹಿಡಿದು ಮೀಟಿ ಹಲಗೆಯ ಮೇಲೆ ಗೆರೆ ಹೊಡೆಯುತ್ತಾರೆ. ಹಾಗೆ ನೂಲಿಗೆ ನೀಲಿ ಹಚ್ಚಿ ಹೊಡೆಯೋಣವಾ ಎಂದು ಮಾಮಿ ಕೇಳಿದರು. ನೀಲಿ ಅಂತೂ ಬೇಡವೇ ಬೇಡ. ಅರಸಿನದ ನೀರಿನಲ್ಲಿ ನೂಲು ಅದ್ದಿ ಹೊಡೆಯಬಹುದು ಎಂದು ನಾನೇ ಹೇಳಿದೆ. ಅರಸಿನಕ್ಕೆ ಹೆದರಲು ನನಗೂ ಕಾರಣ ಸಿಕ್ಕಿರಲಿಲ್ಲ. ಹಳದಿ ಗೆರೆ ಸೊಗಸಾಗಿ ಬಿತ್ತು. ಮಾಮಿ ಮತ್ತೆ ಬಗ್ಗಿ, ಬಟ್ಟೆಯ ಮೇಲೆ ಬೆರಳು ಆಡಿಸಿ, "ಇಲ್ಲವಲ್ಲಾ," ಎಂದರು. ಬಿಳಿಯ ಮೇಲಿನ ಹಳದಿ ಅವರಿಗೆ ಕಾಣಲೇ ಇಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ನನ್ನ ಗಮನವೆಲ್ಲ ಒಂದು ಜೊತೆ ತುಟಿಯ ಮೇಲಿತ್ತು.

ಶಾಲೆಯ ಮಕ್ಕಳ ಪೆನ್ಸಿಲಿನಲ್ಲಿ ಸೀಸ ಇರುತ್ತದೆ, ಸೀಸ ವಿಷ ಎಂದು ಎಲ್ಲೋ ಕೇಳಿದ್ದೆ. ಅದೂ ಬೇಡವಾಯಿತು. ಮಾಮಿ ಚಾಪೆಯ ಮೇಲೆ ಹಾಸಿದ ಬಟ್ಟೆಯನ್ನು ಮಡಚಿ, "ಹಾಗಾದರೆ ಮಳೆ ಬಿಡುವವರೆಗೆ ಕಾಯುವುದು," ಎಂದಷ್ಟೇ ಹೇಳಿ ಒಳಗೆ ಹೋದರು. ಅವರಿಗೆ ಬೇಸರವಾಗಿದೆ ಎಂದು ಗೊತ್ತಾಯಿತು. ಆದರೆ ನನ್ನ ‘ಬೇಡ’ಗಳಲ್ಲಿ ಒಂದನ್ನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅದಾದ ಮೇಲೆ ಒಂದು ದಿನ ನೋಡುತ್ತೇನೆ, ಮಾಮಿ ಗೋದಡಿಗೆ ಗೆರೆ ಎಳೆಯುತ್ತಿದ್ದಾರೆ. ಕೈಯಲ್ಲಿ ನನ್ನ ಗಂಡನ ಟಿಕೆಟ್ ಚೀಲದಲ್ಲಿರುವಂಥ ಮೋಟು ಪೆನ್ಸಿಲು. ಅದರ ಬಗ್ಗೆ ಆಗ ನನಗೆ ಗೊತ್ತಿದ್ದದ್ದು ಇಷ್ಟೇ, ಕಂಡಕ್ಟರುಗಳು ಅದನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಾರೆ, ಕಾರ್ಬನ್ ಇಟ್ಟು ಒತ್ತಿ ಬರೆಯುತ್ತಾರೆ. ಕಾಪಿಂಗ್ ಪೆನ್ಸಿಲ್ ಎಂದು ಅದರ ಹೆಸರು.

"ಸೀಸ ಅಲ್ವಾ ಅದು?" ಎಂದೆ.

"ಇದು ಬೇರೆ ಜಾತಿ. ಗಟ್ಟಿ ಉಂಟು, ಪುಡಿ ಉದುರುವುದಿಲ್ಲ. ನೋಡು ಬೇಕಾದರೆ," ಎಂದು ಮಾಮಿ ಗೆರೆಯ ಮೇಲೆ ಒಣ ಅಂಗೈ ಉಜ್ಜಿ ತೋರಿಸಿದರು. ಅಂಗೈಗೆ ಏನೂ ಹತ್ತಲಿಲ್ಲ. ಬಟ್ಟೆಯ ಮೇಲೆ ಬೂದು ಬಣ್ಣದ ತೆಳು ಗೆರೆ. ಪುಡಿಯಿಲ್ಲ, ಮಸಿಯಿಲ್ಲ, ನೀಲಿಯಿಲ್ಲ. ನಾನು ಒಪ್ಪಿದೆ. ಮಾಮಿ ಬಹಳ ದಿನಗಳ ಮೇಲೆ ನಕ್ಕರು.

ಗೋದಡಿ ನಡುವಿನಿಂದ ಬೆಳೆಯಿತು. ಹೊಲಿದಷ್ಟು ಭಾಗದ ಮೇಲೆ ಮಗುವನ್ನು ಮಲಗಿಸಿಕೊಂಡು ಮಾಮಿ ಉಳಿದ ಭಾಗಕ್ಕೆ ಗೆರೆ ಎಳೆಯುತ್ತಿದ್ದರು. ಅದನ್ನು ನೋಡಲು ಹಿತವಾಗಿತ್ತು ಎಂದು ನಾನು ಒಪ್ಪಿಕೊಳ್ಳಬೇಕು. ಒಂದೆರಡು ದಿನ ಕಿಟಕಿಗೆ ಓಡುವುದನ್ನೂ ಮರೆತಿದ್ದೆನೇನೋ.

ಆ ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ಬಾವಿಯ ಬಳಿ ಮಗುವಿನ ಬಟ್ಟೆ ಒಗೆದು, ಹಿಂಡಿ, ಒಳಗೆ ಬಂದೆ. ಮಾಮಿ ಗೋದಡಿಯ ಅಂಚಿಗೆ ಬಗ್ಗಿದ್ದರು. ಮಗು ಪಕ್ಕದಲ್ಲಿ ಮಗುಚಿ ಬಿದ್ದು ಏನೋ ಗುರ್‌ಗುಟ್ಟುತ್ತಿತ್ತು. ಎತ್ತಿಕೊಂಡೆ.

ತುಟಿ ನೇರಳೆಯಾಗಿತ್ತು.

ಕೈಯಲ್ಲಿದ್ದ ಒದ್ದೆ ಬಟ್ಟೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಕಿಟಕಿಗೆ ಓಡಿದೆ. ನೇರಳೆ. ಅಂಗಳಕ್ಕೆ ಓಡಿದೆ. ಇನ್ನೂ ನೇರಳೆ. ನಾನು ಹಿಡಿದ ಬಿಗಿಗೆ ಮಗು ಬೆದರಿ ಬಾಯಿ ತೆರೆದು ಅತ್ತಿತು. ನಾಲಿಗೆಯೂ ನೇರಳೆ, ವಸಡೂ ನೇರಳೆ. ಈ ಒಂದು ಗಳಿಗೆಗಾಗಿಯೇ ನಾನು ಇಷ್ಟು ದಿನ ತುಟಿ ನೋಡುತ್ತಾ ಬಂದದ್ದು. ಅದು ಬಂದೇ ಬಿಟ್ಟಿತ್ತು. ನೋಡುತ್ತಾ ಇದ್ದದ್ದರಿಂದ ಏನೂ ತಡೆಯಲಾಗಲಿಲ್ಲ.

"ಮಾಮೀ!" ಎಂದು ಕಿರುಚಿದೆ. "ನೀಲಿಯಾಗಿದ್ದಾಳೆ! ಅವನ ಹಾಗೆಯೇ!"

ಮಾಮಿ ಎದ್ದ ರಭಸಕ್ಕೆ ಕತ್ತರಿ ದೂರ ಹೋಗಿ ಬಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡರು. ಗೋದಡಿಯನ್ನು ಹಾಗೇ ಬಾಚಿ ಮಗುವಿನ ಮೇಲೆ ಹಾಕಿದರು. ಇಬ್ಬರೂ ಚಪ್ಪಲಿ ಇಲ್ಲದೆ ರಸ್ತೆಗೆ ಓಡಿದೆವು.

ಬಂದದ್ದು ಗಂಡನ ಬಸ್ಸಲ್ಲ, ಅದೇ ಮಾಲಕರ ಇನ್ನೊಂದು. ಡ್ರೈವರಿಗೆ ನನ್ನ ಗುರುತಿತ್ತು. ನಾನು ಏನು ಹೇಳಿದೆನೋ, ಅಳುವಿನಲ್ಲಿ ಮಾತು ಆಗಿತ್ತೋ ಇಲ್ಲವೋ. ಕಂಡಕ್ಟರ್ ಮಗುವಿನ ಬಾಯಿ ನೋಡಿದವನೇ ಎರಡು ಸಲ ಬಸ್ಸಿನ ತಗಡು ಬಡಿದ.

"ಕಾರ್ಕಳದಲ್ಲಿ ಒಂದು ಸಲ ನಿಲ್ಲಿಸ್ತೇವೆ, ಇಳಿಯುವವರು ಅಲ್ಲೇ ಇಳಿಯಿರಿ. ಆಮೇಲೆ ಮಣಿಪಾಲಕ್ಕೇ ನಿಲ್ಲುವುದು!" ಎಂದು ಕೂಗಿದ. ಎದುರಿನಿಂದ ಬರುವ ಬಸ್ಸುಗಳಿಗೆ ಡ್ರೈವರ್ ಕೈ ಹೊರಗೆ ಹಾಕಿ, ನನ್ನ ಗಂಡನಿಗೆ ಸುದ್ದಿ ಮುಟ್ಟಿಸಲು ಕೂಗಿ ಹೇಳುತ್ತಿದ್ದ.

ಬೈಲೂರಿನವರು ಬೈಲೂರಿನಲ್ಲಿ ಇಳಿಯಲಿಲ್ಲ. ಹಿರಿಯಡಕದವರು ಹಿರಿಯಡಕದಲ್ಲಿ ಇಳಿಯಲಿಲ್ಲ. ಮಳೆ ಮತ್ತೆ ಹಿಡಿದಿತ್ತು, ಕಿಟಕಿಗಳ ಟಾರ್ಪಾಲು ಇಳಿಸಿದ್ದರು, ಬಸ್ಸಿನ ಒಳಗೆ ಅರೆಗತ್ತಲು. ನನಗೆ ಮಗುವಿನ ಬಣ್ಣ ಸರಿಯಾಗಿ ಕಾಣುತ್ತಿರಲಿಲ್ಲ. ಹೆಚ್ಚಾಗುತ್ತಿದೆಯೋ, ಕಡಿಮೆಯಾಗುತ್ತಿದೆಯೋ, ಉಸಿರು ಇದೆಯೋ. ನಾನು ಮುಖವನ್ನು ಅದರ ಮುಖಕ್ಕೆ ತಾಗಿಸಿ ಕೂತಿದ್ದೆ. ಅಳು ನಿಲ್ಲಿಸಿ ಅದು ಸುಮ್ಮನಾದಾಗ ಪ್ರಾಣವೇ ಹೋಯಿತು ಅನ್ನಿಸಿತು. ನೋಡಿದರೆ ನನ್ನ ಕರಿಮಣಿಯನ್ನು ಎಳೆಯುತ್ತಿತ್ತು.

ಪಕ್ಕದಲ್ಲಿ ತಲೆಗೆ ಬಿಳಿ ಬಟ್ಟೆ ಹೊದ್ದ ವಯಸ್ಸಾದ ಬ್ಯಾರಿ ಮುಸಲ್ಮಾನ ಹೆಂಗಸೊಬ್ಬರು ಕೂತಿದ್ದರು. ಹೂಡೆಯಲ್ಲಿರುವ ಮಗಳ ಮನೆಗೆ ಹೊರಟವರು. ಕೇಳದೆಯೇ ಗೋದಡಿಯೊಳಗೆ ಕೈ ಹಾಕಿ ಮಗುವಿನ ಕಾಲು ಹಿಡಿದು ನೋಡಿದರು.

"ಕಾಲು ಬಿಸಿ ಉಂಟಲ್ಲ ಮೋಳೆ," ಎಂದರು, ತಮ್ಮ ಮಾತಿನಲ್ಲಿ ಮಗಳೇ ಎಂದು ಕರೆದು. "ಉಗುರು ನೋಡು, ಕೆಂಪು ಉಂಟು. ಹೆದರಬೇಡ."

ಸಮಾಧಾನಕ್ಕೆ ಹೇಳುತ್ತಾರೆ ಎಂದುಕೊಂಡೆ. ಮೊದಲನೆಯ ಸಲವೂ ಎಲ್ಲರೂ ಸಮಾಧಾನಕ್ಕೆ ಏನೇನೋ ಹೇಳಿದ್ದರು. ನಾನು ಉಗುರು ನೋಡಲಿಲ್ಲ. ನೋಡಿ ಅದೂ ನೀಲಿಯಾಗಿದ್ದರೆ ನನಗೆ ಆ ಬಸ್ಸಿನಿಂದ ಇಳಿಯುವಷ್ಟು ಶಕ್ತಿ ಉಳಿಯುತ್ತಿರಲಿಲ್ಲ. ಮಾಮಿ ಎದುರಿನ ಸೀಟಿನಲ್ಲಿ, ಸೆರಗನ್ನು ಬಾಯಿಯಿಂದ ತೆಗೆಯದೆ, ಕಣ್ಣು ಮುಚ್ಚಿಕೊಂಡು ಕೂತಿದ್ದರು. ಪರ್ಕಳದ ಏರಿನಲ್ಲಿ ಬಸ್ಸು ನಿಧಾನವಾದಾಗ ಇಳಿದು ಓಡಿಬಿಡೋಣವಾ ಅನ್ನಿಸಿತು ನನಗೆ.

ಆಸ್ಪತ್ರೆಯ ಆ ವಾಸನೆ, ಆ ಉದ್ದದ ಹಾದಿ. ಕಾಲು ತಾನಾಗಿಯೇ ಮೊದಲನೆಯವನು ಇದ್ದ ವಾರ್ಡಿನ ಕಡೆಗೆ ತಿರುಗಿತು. ನರ್ಸ್ ಒಬ್ಬಳು ತೋಳು ಹಿಡಿದು ಬೇರೆ ಕೋಣೆಗೆ ಕರೆದೊಯ್ದಳು. ಅಲ್ಲಿದ್ದದ್ದು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು, ಮಾತಿನಲ್ಲಿ ಘಟ್ಟದ ಮೇಲಿನವರು. ಮಗುವಿನ ಬಟ್ಟೆ ಬಿಚ್ಚಿ ಮಲಗಿಸಿದರು. ಎದೆ ಕೇಳಿದರು. ಬೆನ್ನು ಕೇಳಿದರು. ಉಗುರು ಒತ್ತಿ ನೋಡಿದರು. ಅವರ ಮುಖದಲ್ಲಿ ಗಾಬರಿ ಕಾಣಲಿಲ್ಲ. ಅದೇ ನನಗೆ ಇನ್ನಷ್ಟು ಹೆದರಿಕೆ ಹುಟ್ಟಿಸಿತು, ಮಾಡುವುದಕ್ಕೆ ಏನೂ ಇಲ್ಲದಾಗ ಡಾಕ್ಟರುಗಳು ಶಾಂತವಾಗುತ್ತಾರೆ ಎಂದು ನಾನು ಕಂಡುಕೊಂಡಿದ್ದೆ.

"ಮಗೂಗೆ ಬಾಯಲ್ಲಿ ಹುಣ್ಣಾಗಿತ್ತಾ?" ಎಂದು ಕೇಳಿದರು. "ನೀಲಿ ಔಷಧಿ ಏನಾದ್ರೂ ಹಚ್ಚಿದ್ರಾ?"

ಇಲ್ಲ ಎಂದು ತಲೆಯಾಡಿಸಿದೆ. ಅವರು ಹತ್ತಿಯನ್ನು ನೀರಿನಲ್ಲಿ ಅದ್ದಿ ಮಗುವಿನ ಕೆಳತುಟಿ ಒರೆಸಿದರು. ಹತ್ತಿ ನೇರಳೆಯಾಯಿತು. ತುಟಿಯಲ್ಲಿ ಹತ್ತಿ ಹೋದ ದಾರಿಯಷ್ಟು ಕೆಂಪಾಗಿ ಕಂಡಿತು. ಇನ್ನೊಂದು ಸಲ ಒರೆಸಿದರು. ನಾನು ನೋಡುತ್ತಿದ್ದೆ, ಆದರೆ ನೋಡುತ್ತಿರುವುದು ಏನು ಎಂದು ತಲೆಗೆ ಹೋಗಲಿಲ್ಲ. ರೋಗವನ್ನು ಹತ್ತಿಯಲ್ಲಿ ಒರೆಸಿ ತೆಗೆಯುವುದು ಹೇಗೆ?

"ಇದು ಬಣ್ಣ ಕಣಮ್ಮಾ. ಮಗು ಚೆನ್ನಾಗಿದೆ. ಏನು ಕೊಟ್ರಿ ಬಾಯಿಗೆ?"

"ಎಂತದೂ ಕೊಡ್ಲಿಲ್ಲ," ಎಂದು ಉತ್ತರ ಬಂದದ್ದು ಮಾಮಿಯಿಂದ. ಮನೆಯಿಂದ ಹೊರಟ ಮೇಲೆ ಅವರು ಆಡಿದ ಮೊದಲ ಮಾತು ಅದು. ಮಾತಾಡಲು ಸೆರಗು ತೆಗೆದಿದ್ದರು. ಅವರ ನಾಲಿಗೆ, ಹಲ್ಲು, ತುಟಿಯ ಒಂದು ಬದಿ ಎಲ್ಲವೂ ಮಗುವಿನದಕ್ಕಿಂತ ಗಾಢ ನೇರಳೆಯಾಗಿದ್ದವು.

ನರ್ಸ್ ಮೊದಲು ನಕ್ಕಳು. ಡಾಕ್ಟರು ನಗು ತಡೆದುಕೊಂಡು, "ಅಜ್ಜೀ, ನಿಮಗೂ ಹೃದಯದಲ್ಲಿ ತೊಂದ್ರೆನಾ?" ಎಂದರು. ಮಾಮಿಗೆ ಆ ನಗು ಅರ್ಥವಾಗಲಿಲ್ಲ, ಬಣ್ಣ ಎಂದದ್ದಷ್ಟೇ ತಲೆಗೆ ಹೋಗಿತ್ತು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲಿನ ಮೋಟನ್ನು ತೆಗೆದು, ಕೋರ್ಟಿನಲ್ಲಿ ಸಾಕ್ಷಿ ಕೊಡುವವರ ಹಾಗೆ ಮೇಜಿನ ಮೇಲೆ ಇಟ್ಟರು. ಅಂಚಿನ ಗೆರೆ ಸರಿಯಾಗಿ ಕಾಣಲಿಲ್ಲ, ತುದಿಯನ್ನು ನಾಲಿಗೆಗೆ ತಾಗಿಸಿ ಎಳೆದರೆ ಕಪ್ಪಾಗಿ ಕಾಣುತ್ತಿತ್ತು, ಹಾಗೆ ಮಾಡಿದೆ ಎಂದರು. ಗೋದಡಿಯ ಮೂಲೆಯನ್ನು ಮಗು ಚೀಪಿದ ಕಡೆ ಬೂದು ಗೆರೆಗಳೆಲ್ಲ ಕರಗಿ, ಅಂಗೈ ಅಗಲದಷ್ಟು ನೇರಳೆ ಹರಡಿತ್ತು. ಒಣಗಿದ್ದಾಗ ಬೂದು, ಒದ್ದೆಯಾದರೆ ನೇರಳೆ ಶಾಯಿಯಾಗುವ ಪೆನ್ಸಿಲು ಅದು. ಅದೇ ಗೋದಡಿಯನ್ನು ಬಜಗೋಳಿಯಿಂದ ಮಣಿಪಾಲದವರೆಗೆ ನಾನು ಎದೆಗೆ ಅವಚಿಕೊಂಡು ಬಂದಿದ್ದೆ.

ಬಾಯಿಹುಣ್ಣಿಗೆ ಹಚ್ಚುವ ಔಷಧಿಯೂ ಇದೇ ಥರದ ಬಣ್ಣ, ಇಷ್ಟಕ್ಕೆ ಏನೂ ಆಗುವುದಿಲ್ಲ, ಆದರೆ ಇನ್ನು ಮೇಲೆ ಕೊಡಬೇಡಿ, ಕಣ್ಣಿಗೆ ಹೋದರೆ ಕೆಟ್ಟದ್ದು ಎಂದರು ಡಾಕ್ಟರು. ಮಗುವಿನ ಬಾಯಿ ಪೂರ್ತಿ ಒರೆಸಿ ಕೊಟ್ಟರು. ಅಷ್ಟರಲ್ಲಿ ಗಂಡ ಓಡಿಬಂದರು, ನೆತ್ತಿಯಿಂದ ನೀರು ಇಳಿಯುತ್ತಿತ್ತು. ತಾಯಿಯ ಬಾಯಿ ನೋಡಿದವರೇ, "ಅಮ್ಮಾ, ನನ್ನ ಪೆನ್ಸಿಲಾ?" ಎಂದು ಗೋಡೆಗೆ ಒರಗಿ ಕೂತುಬಿಟ್ಟರು. ಎಲ್ಲರೂ ನಗುತ್ತಿದ್ದರು. ನಾನು ನಗಲಿಲ್ಲ. ನನಗೆ ಸಿಟ್ಟು ಬಂತು. ಅಂಥ ಸಿಟ್ಟು ನನಗೆ ಆ ಮೊದಲೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

ಗಂಡ ಚೀಟಿ ಬರೆಸಲು ಹೋದಾಗ ಹೊರಗಿನ ಬೆಂಚಿನ ಮೇಲೆ ನಾವಿಬ್ಬರೇ ಕೂತೆವು. ಮಗು ನಿದ್ದೆ ಹೋಗಿತ್ತು.

"ಪಕ್ಕದಲ್ಲೇ ಕೂತಿದ್ದಿರಿ," ಎಂದೆ. "ಮೂಲೆ ಚೀಪುತ್ತಾ ಇದ್ದಾಳೆ, ಬಾಯಿ ಎಲ್ಲ ನೇರಳೆ ಆಗಿದೆ. ನಿಮಗೆ ಕಾಣಲೇ ಇಲ್ಲವಾ ಮಾಮಿ?"

ಮಾಮಿ ಗೋದಡಿಯ ಒದ್ದೆ ಮೂಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಕಾಣುವುದಿಲ್ಲ ಮಗಾ," ಎಂದರು. "ಬಾಯಿ ಎಲ್ಲಿ ಉಂಟು ಅಂತ ಗೊತ್ತಾಗ್ತದೆ. ಬಣ್ಣ ಗೊತ್ತಾಗುವುದಿಲ್ಲ. ಎಲ್ಲ ಹೊಗೆಯ ಒಳಗೆ ಇದ್ದ ಹಾಗೆ."

ನಾನು ನಿದ್ದೆಯಲ್ಲಿದ್ದ ಮಗುವಿನ ತುಟಿಯನ್ನು ಇನ್ನೊಮ್ಮೆ ನೋಡಿದೆ.

"ನೀನು ಮಗುವನ್ನು ಎತ್ತಿಕೊಂಡು ಕಿಟಕಿಗೆ ಹೋಗ್ತೀ ಅಲ್ವಾ? ಹೋಗಿ ನಿಂತು ನೋಡ್ತೀ. ಎಂತ ಕಂಡಿತು ಅಂತ ಒಂದು ದಿನ ಹೇಳುವುದಿಲ್ಲ. ನೀನು ಸುಮ್ಮನೆ ವಾಪಸು ಬರುವವರೆಗೆ ನನ್ನ ಎದೆ ಹೊಡಕೊಳ್ತಾ ಇರ್ತದೆ. ನೀನು ಅಂಗಳಕ್ಕೆ ಹೋದ ದಿನ ನನಗೆ ಅನ್ನ ಸೇರುವುದಿಲ್ಲ."

ಆಮೇಲೆ ಮೆಲ್ಲಗೆ ಇನ್ನೊಂದು ಹೇಳಿದರು. ನನ್ನ ಮೊದಲನೆಯ ಮಗನಿಗೂ ಅವರು ಗೋದಡಿ ಹೊಲಿದಿದ್ದರು. ನಮ್ಮಲ್ಲಿ ಮಗು ಹುಟ್ಟುವ ಮೊದಲು ಅದಕ್ಕೆಂದು ಏನನ್ನೂ ಮಾಡಿಡುವುದಿಲ್ಲ, ಬಟ್ಟೆಯ ಒಂದು ತುಂಡನ್ನೂ ಹೊಲಿಯುವುದಿಲ್ಲ. ಅದು ಗೊತ್ತಿದ್ದೂ, ಮೊದಲ ಮೊಮ್ಮಗು ಎಂಬ ಆಸೆಗೆ, ನಾನು ಹೆರಿಗೆಗೆ ಕಾಪುವಿಗೆ ಹೋಗಿದ್ದಾಗ ಇಲ್ಲಿ ಬಾಗಿಲು ಹಾಕಿಕೊಂಡು ಹೊಲಿದು ಮುಗಿಸಿದ್ದರು. ಮಗು ಹೋದ ಸುದ್ದಿ ಬಂದ ದಿನ ಅದನ್ನು ಒಲೆಗೆ ಹಾಕಿದರು. ಅವತ್ತಿನಿಂದ ಸೂಜಿ ಹಿಡಿಯಲಿಲ್ಲ. ಈ ಸಲ ಎಲ್ಲ ಸರಿಯಾಗಿದೆ, ತಿಂಗಳುಗಳು ಕಳೆದಿವೆ, ಇನ್ನು ಹೊಲಿಯಬಹುದು ಎಂದು ಧೈರ್ಯ ಮಾಡಿದ್ದರು.

"ನೀನು ನೀಲಿ ಅಂತ ಕೂಗಿದಾಗ," ಎಂದರು, "ಮತ್ತೆ ನನ್ನ ಕೈಯಿಂದಲೇ ಆಯ್ತು ಅಂತ ಎಣಿಸಿದೆ."

ಹೆದರಿಕೆ ಎಂದರೆ ನನ್ನೊಬ್ಬಳ ಆಸ್ತಿ ಎಂದು ನಾನು ತಿಳಿದಿದ್ದೆ. ಅದೇ ಮನೆಯಲ್ಲಿ, ಅದೇ ಚಾಪೆಯ ಮೇಲೆ, ನನಗಿಂತ ಹೆಚ್ಚು ಹೆದರಿದ ಇನ್ನೊಬ್ಬರು ನನ್ನ ಮುಖದಿಂದ ಸುದ್ದಿ ತಿಳಿಯಲು ಕಾಯುತ್ತಾ ಕೂತಿದ್ದರು. ಆ ಮುಖವೂ ಅವರಿಗೆ ಕಾಣುತ್ತಿರಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ. ನಾನು ಅವರ ಕೈ ಹಿಡಿಯಲಿಲ್ಲ, ನಮ್ಮಲ್ಲಿ ಅಂಥ ಅಭ್ಯಾಸ ಇಲ್ಲ. ಸೆರಗಿನ ತುದಿಯನ್ನು ನೀರಿನಲ್ಲಿ ಒದ್ದೆ ಮಾಡಿ ಅವರ ತುಟಿಯ ಬಣ್ಣ ಒರೆಸಿಕೊಟ್ಟೆ.

ಮನೆಗೆ ಬಂದು ಆ ಗೋದಡಿಯನ್ನು ನೀರಿಗೆ ಹಾಕಿದೆವು. ಬಾಲ್ದಿ ಪೂರ್ತಿ ನೇರಳೆಯಾಯಿತು, ಗೆರೆಗಳು ಹೋಗಲಿಲ್ಲ. ಮಾಮಿ, ಇನ್ನು ನಾನು ಮುಟ್ಟುವುದಿಲ್ಲ ಎಂದರು. ನೀವೇ ಹೊಲಿಯಬೇಕು ಎಂದು ನಾನು ಹಟ ಹಿಡಿದೆ. ಅವರಿಗೆ ಕಣ್ಣಿನ ಆಪರೇಶನ್ ಆದದ್ದು ಮಾರನೆಯ ವರ್ಷ. ಅಲ್ಲಿಯವರೆಗೆ ಕಾಯಲು ಚಳಿ ಬಿಡುತ್ತಿರಲಿಲ್ಲ. ನನ್ನದೇ ಎರಡು ಹಳೆಯ ಸೀರೆ ಹರಿದು ಹಾಸಿದೆ.

ಈ ಸಲ ಬಣ್ಣದ ಗೊಡವೆಯೇ ಬೇಡ ಎಂದು ಚಮಚದ ಹಿಡಿಯನ್ನು ತಿರುಗಿಸಿ, ಬಟ್ಟೆಯನ್ನು ಮಣೆಯ ಮೇಲೆ ಬಿಗಿ ಹಿಡಿದು, ಒತ್ತಿ ಎಳೆದೆ. ಬಟ್ಟೆ ಗೀರಿಕೊಂಡು ಸಣ್ಣ ಕಾಲುವೆಯಂಥ ಗೆರೆ ಬಿತ್ತು. ಬಣ್ಣವಿಲ್ಲ, ಪುಡಿಯಿಲ್ಲ, ಒಗೆಯುವುದೂ ಬೇಡ. ಮಾಮಿಯ ತೋರುಬೆರಳನ್ನು ಅದರ ಮೇಲೆ ಇಟ್ಟೆ. ಬೆರಳು ಗೆರೆ ಹಿಡಿದು ತುದಿಯವರೆಗೆ ಹೋಯಿತು, ಹಿಂದಕ್ಕೆ ಬಂತು.

"ಉಂಟು," ಎಂದರು. "ಸಿಕ್ಕಿತು."

ಒಂದೇ ತೊಂದರೆ, ಆ ಗೆರೆ ಬಹಳ ಹೊತ್ತು ನಿಲ್ಲುವುದಿಲ್ಲ. ಮಳೆಗಾಲದ ತೇವಕ್ಕೆ ಬಟ್ಟೆ ಸಡಿಲವಾಗಿ ಗೆರೆ ಮಾಯವಾಗುತ್ತದೆ. ಎಲ್ಲವನ್ನೂ ಮೊದಲೇ ಎಳೆದಿಡುವಂತಿಲ್ಲ. ನಾನು ಒಂದು ಎಳೆಯಬೇಕು, ಅವರು ಬೆರಳಿನಿಂದ ಹುಡುಕಿಕೊಂಡು ಅದನ್ನು ಹೊಲಿದು ಮುಗಿಸಬೇಕು, ಆಮೇಲೆ ಇನ್ನೊಂದು. ಹಾಗಾಗಿ ಮಧ್ಯಾಹ್ನ ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂರಬೇಕಾಯಿತು. ಮಗು ನಡುವೆ ಮಲಗಿರುತ್ತಿತ್ತು.

ನನ್ನ ಹೆದರಿಕೆ ಹೋಗಲಿಲ್ಲ. ಅದು ಇವತ್ತಿಗೂ ಪೂರ್ತಿ ಹೋಗಿಲ್ಲ. ಕಿಟಕಿಗೆ ಓಡುವುದು ಮಾತ್ರ ನಿಂತಿತು. ಒಂದು ಗೆರೆ ಮುಗಿದಾಗ ಮಾಮಿ ಸೂಜಿಯನ್ನು ಬಟ್ಟೆಯಲ್ಲಿ ಚುಚ್ಚಿಟ್ಟು ಕಾಯುತ್ತಿದ್ದರು. ಬಾಯಿಬಿಟ್ಟು ಕೇಳುತ್ತಿರಲಿಲ್ಲ. ನಾನು ಮಗುವಿನ ಮುಖಕ್ಕೆ ಬಗ್ಗಿ ನೋಡಿ, ತುಟಿಯ ಬಣ್ಣವನ್ನು ಅವರಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಬೇಕಿತ್ತು. ಒಂದು ದಿನ ಏನೋ ಯೋಚನೆಯಲ್ಲಿ ಹೇಳಲು ಮರೆತು ಮುಂದಿನ ಗೆರೆ ಎಳೆದುಬಿಟ್ಟೆ. ತಲೆ ಎತ್ತಿ ನೋಡಿದರೆ ಮಾಮಿಯ ಕೈ ಸೂಜಿಯ ಮೇಲೆಯೇ ಇತ್ತು, ಉಸಿರು ಹಿಡಿದಿದ್ದರು.

"ಕೆಂಪು ಉಂಟು, ಮಾಮಿ," ಎಂದೆ. "ಕೆಂಪು ಉಂಟು."

ಅವರ ಬೆರಳು ಗೆರೆ ಹುಡುಕಿತು. ಅಷ್ಟು ಹೊತ್ತಿಗೆ ಅದು ಮಾಯವಾಗಿತ್ತು. ನಾನು ಮತ್ತೆ ಎಳೆದೆ.